ಕೆಂಪು ಯಾವುದು

ಬರೆದದ್ದನ್ನು ಬರೆದಂತೆ ಓದಿ, ಮೊದಲ ವರ್ಷ
ಕೀಲಿ ಎನ್ನುತ್ತಿದ್ದೆ ಈ ಊರನ್ನು.
ಬಸ್ಸಿನವನು ನಕ್ಕು ತಿದ್ದಿದ: ಕೀತ್ಲಿ.
ಈಗ ನಾನೂ ಕೀತ್ಲಿ ಅನ್ನುತ್ತೇನೆ, ಆದರೂ
ಕತ್ತಲಲ್ಲಿ ಜೇಬು ತಡಕಿ ಮನೆಯ ಕೀಲಿ ಸಿಕ್ಕಾಗ
ಊರೇ ಕೈಗೆ ಸಿಕ್ಕ ಹಾಗಿರುತ್ತದೆ.

ಮಾರ್ಕೆಟ್ಟಿನ ನನ್ನ ಮಳಿಗೆಗೆ ಬ್ರೆಂಡಾ ಹೋಲ್ರಾಯ್ಡ್
ಮಗುವಿನ ತಳ್ಳುಗಾಡಿಯಲ್ಲಿ ತಂದಳು ಎರಡು ಸ್ಪೀಕರು,
ಟವೆಲು ಹೊದಿಸಿ, ಅವಳಿಗಳ ಹಾಗೆ.
ತೇಗದ ಮೈ, ಎಂಬತ್ತೊಂದರ ಮಾಲು.
"ಡೆರಿಕ್‌ನವು. ರಿಪೇರಿ ಮಾಡಿ ಮಾರಿಕೊಡು.
ನೂರಕ್ಕೆ ಇಪ್ಪತ್ತು ನಿನಗೆ."

ಜಾಲರಿ ತೆಗೆದರೆ ಅಂಚಿನ ಫೋಮು
ಡಬ್ಬಿಯ ತಳದ ಹಳೇ ಹಪ್ಪಳದಂತೆ ಉದುರಿತು.
ಹೊಸದು ತರಿಸಿ, ಅಂಟು ಸವರಿ,
ಬಟ್ಟೆಯ ಕ್ಲಿಪ್ಪು ಸುತ್ತಲೂ ಕಚ್ಚಿಸಿ ಒಣಗಲು ಬಿಟ್ಟೆ.

ರಾಣೆಬೆನ್ನೂರಿನಲ್ಲಿ ಮೋಟರು ಕಟ್ಟಿದ ಕೈ ಇದು.
ಎರಡು ಫೇಸು ಅದಲುಬದಲಾದರೆ ಸಾಕು,
ಪಂಪು ಉಲ್ಟಾ ತಿರುಗುತ್ತದೆ, ಗುರ್ ಅನ್ನುತ್ತದೆ,
ನೀರು ಮಾತ್ರ ಬಾರದು.
ಅದೇ ಅಭ್ಯಾಸ. ಟಾರ್ಚಿನ ಸೆಲ್ಲು ಮುಟ್ಟಿಸಿ ನೋಡಿದೆ.
ಎಡದ್ದು ಎದೆ ಮುಂದೆ ತಂದಿತು.
ಬಲದ್ದು ಹಿಂದೆ ಸರಿಯಿತು.
ಮತ್ತೊಮ್ಮೆ. ಹಾಗೇ.

ಒಂದೇ ಬೀಸುಕಲ್ಲಿಗೆ ಕೂತ ವಾರಗಿತ್ತಿಯರು
ಆಚೆಗೊಬ್ಬಳು ಈಚೆಗೊಬ್ಬಳು ಎಳೆದ ಹಾಗೆ,
ಸದ್ದುಂಟು, ಹಿಟ್ಟಿಲ್ಲ.
ಒಳಗಿನ ಬೆಸುಗೆ ಕಂಪನಿಯದಲ್ಲ. ದಪ್ಪ ಉಂಡೆ,
ಮನೆಯಲ್ಲೇ ಯಾರೋ ಹಾಕಿದ್ದು.
ಕಿತ್ತು, ತಿರುವಿ, ಬೆಸೆದೆ. ಐದು ನಿಮಿಷದ ಕೆಲಸ.

ಶನಿವಾರ ಅವಳ ಮನೆ. ಹನ್ನೊಂದಕ್ಕೆ
ಸ್ಕಿಪ್ಟನ್ನಿನಿಂದ ಕೊಳ್ಳುವ ಹುಡುಗ ಬರುವವನು.
ಡೆರಿಕ್‌ನ ಹಿತ್ತಾಳೆ ವಾದ್ಯದ ಪ್ಲೇಟು ಹಾಕಿದೆ.
ದೊಡ್ಡ ಕೊಂಬು ನೆಲದಡಿಯಿಂದ ಎದ್ದು ಬಂತು,
ಚಹಾದ ಮೇಲೆ ಸಣ್ಣ ಬಳೆಗಳು ಮೂಡಿದವು.
ಬ್ರೆಂಡಾ ಕಪ್ಪು ಕೆಳಗಿಟ್ಟಳು.
"ಇಷ್ಟು ವರ್ಷ ಎಲ್ಲಿದ್ದ ಇವನು?"

ಮೂವತ್ತೊಂದು ವರ್ಷ ಮಗ್ಗದ ಶೆಡ್ಡಿನಲ್ಲಿ ದುಡಿದವನು ಡೆರಿಕ್.
ಕೊಂಬಿನವನು ನಿದ್ದೆ ಹೋಗಿದ್ದಾನೆ ಅಂತ ಮೊದಮೊದಲು ತಮಾಷೆ,
ಆಮೇಲೆ, ಮಗ್ಗ ತಿಂದಿತು ನನ್ನ ಕಿವಿ, ಅಂದನಂತೆ.
ಡಾಕ್ಟರೂ ಹೌದೆಂದರಂತೆ. ಕಿವಿಗೆ ಯಂತ್ರ ಕೊಟ್ಟರಂತೆ.
ಪ್ಲೇಟುಗಳು ಕಪಾಟು ಸೇರಿದವಂತೆ.

"ಹೊಸ ಫೋಮು," ಅಂದೆ, "ಅದರ ಗುಣ."
ಬಾಯಿ ಹಾಗೆನ್ನುವಾಗ ಕೈ
ಹಿಂಬದಿಯ ತಂತಿಯ ಮೇಲಿತ್ತು.
ಆಕೆ ಕೈಯನ್ನು ನೋಡಿದಳು.

"ಒಂದು ಭಾನುವಾರ ಬಿಚ್ಚಿದ್ದ.
ಟಾರ್ಚು ಹಿಡಿದವಳು ನಾನು.
ಕೆಂಪು ಯಾವುದು, ಅಂದ.
ಆ ಬೆಳಕಿನಲ್ಲಿ ಎರಡೂ ಕಂದೇ.
ಒಲೆಯ ಮೇಲೆ ಗ್ರೇವಿ ಇತ್ತು.
ಇದೇ, ಅಂದೆ."

ಗಡಿಯಾರ ಹತ್ತು ನಲವತ್ತು.
ನನ್ನ ಹತ್ತಿರ ಇದ್ದದ್ದು ಒಂದು ಸ್ಕ್ರೂಡ್ರೈವರು.
"ಹಳೇ ಥರ ಮಾಡು," ಅಂದಳು,
"ಅವನಿಗೆ ಹೇಗೆ ಕೇಳಿಸುತ್ತಿತ್ತೋ ಹಾಗೆ."

ಪೆಟ್ಟಿಗೆ ಬಿಚ್ಚಬೇಕಿಲ್ಲ, ಹಿಂದೆ ಎರಡೇ ತಿರುಪು.
ಬದಲಿಸಿದೆ.
ಕೊಂಬು ಇಳಿದುಹೋಯಿತು, ಹಗ್ಗ ಬಿಟ್ಟ ಕೊಡದಂತೆ.
ಉಳಿದದ್ದು ತೆಳ್ಳಗೆ ಗೋಡೆಗಂಟಿ ಓಡಾಡಿತು,
ನಡುವೆ ಯಾರೂ ಇಲ್ಲದೆ.
ಆಕೆ ಎದ್ದು ಅವನ ಕುರ್ಚಿಯಲ್ಲಿ ಕೂತಳು.

ಬಾಗಿಲು ಬಡಿದ ಸದ್ದು. ಹುಡುಗ ಹತ್ತು ನಿಮಿಷ ಮುಂಚೆ.
ತಂತಿ ಸರಿಮಾಡಲು ಬಗ್ಗಿದೆ.
ಆಕೆ ಕೈ ಎತ್ತಿದಳು, ನನ್ನ ಕಡೆ ತಿರುಗದೆ:
ಈ ಬದಿ ಮುಗಿಯಲಿ.