ಮೂವತ್ತು ಕೇಜಿ ನೋವು

ಜನವರಿಯ ಮೊದಲ ಸೋಮವಾರ,
ಆಲ್ದೂರಿನಾಚೆಯ ಎಸ್ಟೇಟು, ಪಲ್ಪರ್ ಶೆಡ್ಡು.
ಹನ್ನೊಂದು ಮಂದಿ ಪರದೇಶದವರು
ಬೆಳಿಗ್ಗೆ ಎಂಟಕ್ಕೇ ಕೈ ತೊಳೆದು ಕೂತರು.
ಮೇಜಿನ ಮೇಲೆ ಮಾತ್ರೆ, ಮುಲಾಮು, ಮಕ್ಕಳಿಗೆಂದು ಬಲೂನು.
ಒಂದು ನರಪಿಳ್ಳೆ ಬರಲಿಲ್ಲ.

"ದುಡ್ಡು ಕೊಡಬೇಕಿಲ್ಲ ಎಂದು ಹೇಳಿದ್ದೀರಾ ಅವರಿಗೆ?"
ಡಾಕ್ಟರಮ್ಮ ಮೂರು ಸಲ ಕೇಳಿದರು.
ಹೇಳಿದ್ದೇನೆ. ಆದರೆ ಹಣ್ಣು ಕೆಂಪಾಗಿದೆ,
ಕೇಜಿಗೆ ಇಷ್ಟು ಅಂತ ಕೂಲಿ,
ಗಿಡದಲ್ಲಿ ಹಣ್ಣಿರುವಾಗ
ಹುಷಾರಿಲ್ಲ ಅನ್ನೋಕೆ ಯಾರಿಗೂ ಪುರುಸೊತ್ತಿಲ್ಲ.
ಇಷ್ಟನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಮಧ್ಯಾಹ್ನ.

ನಾಲ್ಕೂವರೆಗೆ ತೂಕ ಮುಗಿಸಿ ಬಂದರು,
ಎಲ್ಲರೂ ಒಟ್ಟಿಗೇ, ಅಂಟುಗೈ,
ಸೊಂಟದ ಚೀಲ ಬಿಚ್ಚದೆ.

ನನ್ನದು ನಾಲಿಗೆಯ ಕೆಲಸ.
ಸಭೆಯ ಅಯ್ಯನವರು ಮೊದಲೇ ಹೇಳಿದ್ದರು:
"ಸುವಾರ್ತಾ, ನೀನು ಬರೀ ದಾಟಿಸು, ಸೇರಿಸಬೇಡ."
ದಾಟಿಸಿದೆ.
ತಲೆ ಧಿಮ್ ಅನ್ನುವುದಕ್ಕೂ ಗಿರ್ ಅನ್ನುವುದಕ್ಕೂ
ಆ ದಡದಲ್ಲಿ ಒಂದೇ ಮಾತ್ರೆ.
ಕಾಲು ಜೋಮು, ಎದೆ ಝಲ್ಲು,
ಹೊಟ್ಟೆಯೊಳಗೆ ಯಾರೋ ತೊಳಸಿದ ಹಾಗೆ...
ಎಷ್ಟೋ ನಡುನೀರಲ್ಲೇ ಮುಳುಗಿದವು.

ಸೇಸಮ್ಮ ಬಂದು ಕೂತಳು. ಬಲಭುಜ.
"ಒಂದರಿಂದ ಹತ್ತರೊಳಗೆ ನೋವು ಎಷ್ಟು, ಕೇಳಿ."
ಕೇಳಿದೆ.
ದಡ್ಡ ಮಗುವಿಗೆ ಹೇಳುವ ತಾಳ್ಮೆಯಲ್ಲಿ ಅವಳು:
"ಭುಜ ನೆಟ್ಟಗಿದ್ದಾಗ ತೊಂಬತ್ತು ಕುಯ್ತಿದ್ದೆ ಟೀಚರೇ,
ಈಗ ಅರವತ್ತು ದಾಟಲ್ಲ.
ನೀವೇ ಲೆಕ್ಕ ಹಾಕಿ."
ಮೂವತ್ತು ಕೇಜಿ.
ನಾನು "ಸೆವೆನ್" ಅಂದೆ.
ಡಾಕ್ಟರಮ್ಮ ಏಳು ಬರೆದುಕೊಂಡರು.

ಕೆಳಗೆ ಚರ್ಚಿನ ಎರಡು ಗುಂಟೆಯಲ್ಲಿ
ಇನ್ನರ್ಧ ತಂಡ ಮನೆ ಕಟ್ಟುತ್ತಿತ್ತು,
ದೀನಮಣಿಗೆ, ಎರಡು ಕೋಣೆ, ಶೀಟಿನ ಮಾಡು.
ಬಿಸಿಲಿಗೆ ಸುಲಿದ ಕತ್ತುಗಳು: ಕಾಲೇಜು ಹುಡುಗರು,
ಬ್ಯಾಂಕಿನವಳೊಬ್ಬಳು, ರಿಟೈರಾದ ಬಸ್ ಡ್ರೈವರ್ ವರ್ನನ್.
ಇಟ್ಟಿಗೆ ಇಟ್ಟರು, ಹಾಡಿದರು, ಮತ್ತೆ ಇಟ್ಟರು.
ಎಲೀಷ ಮೇಸ್ತ್ರಿ ತೂಕದ ಗುಂಡು ಇಳಿಬಿಟ್ಟು ನೋಡಿ
ಬೀಡಿ ಹಚ್ಚಿದ.
ಗೋಡೆ ಹೊಟ್ಟೆ ಬಿಟ್ಟಿತ್ತು, ತುಂಬುಬಸುರಿಯ ಹಾಗೆ.
"ಏನಂತೆ ಮೇಸ್ತ್ರಿಗೆ?" ಎಂದರು.
"ಚೆನ್ನಾಗಿದೆಯಂತೆ" ಅಂದೆ.
ಆ ವಾರ ನನ್ನ ಹೆಸರಿಗೆ ನಾನು ನಾಚಿದ್ದು
ಅದು ಎರಡನೇ ಸಲ.

ಉಳಿದದ್ದು ಮೇಸ್ತ್ರಿಯೇ ಹೇಳಿದ್ದು,
ಹೋದ ಕ್ರಿಸ್ಮಸ್ಸಿನ ಹಿಂದಿನ ವಾರ,
ಚಿಕ್ಕಮಗಳೂರಿನ ಬಸ್ಸಿನಲ್ಲಿ, ಕೇಕಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು.
ಗಾರೆ ಹಸಿಯಿರುವಾಗಲೇ ಇಳಿಸಬೇಕೆಂದು
ಅವತ್ತು ರಾತ್ರಿ ಹೋದನಂತೆ,
ಸದ್ದಾಗದಂತೆ ಗೋಣಿಚೀಲ ಹಾಸಿ.
ನಾಲ್ಕನೇ ವರಸೆಗೆ ತಿರುಗಿ ನೋಡಿದರೆ
ಕಂಬಳಿ ಹೊದ್ದ ಆ ಬಸ್ ಡ್ರೈವರ್.
"ನಂದೇ ಮನೆಗೆ ಕನ್ನ ಹಾಕಿದವನ ಹಾಗೆ
ನಿಂತುಬಿಟ್ಟೆ ಕಣಮ್ಮ."
ಅವನು ಗೋಡೆ ನೋಡಿದ. ಗುಂಡು ನೋಡಿದ.
ವಾಪಸು ಹೋದ.
ತಲೆಗೆ ಕಟ್ಟುವ ಲೈಟು ಹಾಕಿಕೊಂಡು ಬಂದ.

ಕೋಳಿ ಕೂಗುವವರೆಗೆ
ಮೇಸ್ತ್ರಿ ನೋಡಿದಲ್ಲೆಲ್ಲ ಅವನ ಹಣೆ ತಿರುಗುತ್ತಿತ್ತಂತೆ.
ಇಟ್ಟಿಗೆ ಕೆರೆದು ಕೆರೆದು ಕೊಟ್ಟನಂತೆ.
"ಅವನಿಗೆ ಕನ್ನಡ ಬರಲ್ಲ, ನಂಗೆ ಅವನದ್ದು ಬರಲ್ಲ.
ನೀವು ಬೇಕಾಗ್ಲೇ ಇಲ್ಲ ಬಿಡಿ," ಎಂದು ನಕ್ಕ.
ಬೆಳಿಗ್ಗೆ ನೆಟ್ಟಗಿನ ಗೋಡೆಗಾಗಿ ಎಲ್ಲರೂ
ಸ್ತೋತ್ರ ಹೇಳುವಾಗ
ಇಬ್ಬರೂ ನಿಂತಲ್ಲೇ ತೂಕಡಿಸುತ್ತಿದ್ದರಂತೆ.
ನಾನೂ ಅಲ್ಲೇ ಇದ್ದೆ.
ಭಕ್ತಿ ಅಂದುಕೊಂಡಿದ್ದೆ.

ಬಸ್ಸಿಳಿದಾಗ ಸೇಸಮ್ಮ ಸಿಕ್ಕಳು,
ಮುಲಾಮು ಯಾವತ್ತೋ ಮುಗಿದಿದೆ.
"ಈ ಸಲ ಎಷ್ಟು ಕುಯ್ತಿದ್ದೀ?"
"ಅರವತ್ತೈದು."
ಐದು ಕೇಜಿ ವಾಸಿಯಾಗಿದೆ ಎಂದು
ಡಾಕ್ಟರಮ್ಮನಿಗೆ ಬರೆಯಬೇಕು.
ವಿಳಾಸದ ಚೀಟಿ ಬೈಬಲಿನೊಳಗೆ
ಎಲ್ಲೋ ಇದೆ.