ರೂಟರ್ ಎರಡು

ಸಂತೆಹೊಂಡದ ಹತ್ತಿರ, ಮಹಡಿ ಮೇಲಿನ ಸ್ಕ್ಯಾನಿಂಗ್ ಸೆಂಟರಿನ
ಫೋನಿನಲ್ಲಿ ನನ್ನ ಹೆಸರು ‘ರೂಟರ್ ಎರಡು’.
ಒಂದು ಅಂದರೆ ದಾದಾಪೀರ್.
ಅವನು ಎತ್ತದಿದ್ದರೆ ನಾನು.

ಹತ್ತು ತಿಂಗಳಿಂದ ಅವನು ಎತ್ತುತ್ತಲೇ ಇದ್ದ.
ಇವತ್ತು ಹರಿಹರದಲ್ಲಿ ಅವನ ತಂಗಿಯ ನಿಕಾ;
ಜೇಬಿನೊಳಗೇ ಹೊಡಕೊಂಡು ಹೊಡಕೊಂಡು
ಸುಮ್ಮನಾಯಿತಂತೆ ಫೋನು.

‘ಹಸಿರು ಲೈಟು ಉರೀತಾನೇ ಐತೆ,
ಫೋಟ ಮಾತ್ರ ಹೋಗ್ತಿಲ್ಲ ನೋಡಪ್ಪ’
ಒರೆಸುವ ಕೋಲಿಗೆ ಗದ್ದ ಊರಿ ಅಂದಳು ಮಾರಕ್ಕ.
ಫೋಟ ನೋಡುವ ಡಾಕ್ಟರು ದಾವಣಗೆರೆಯಲ್ಲಿ.
ಬೆಂಚಿನ ಮೇಲೆ ಹೊಳಲ್ಕೆರೆ ಕಡೆಯವನೊಬ್ಬ
ಕಿಡ್ನಿ ಕಲ್ಲಿನ ನೋವಿಗೆ ಮೂರು ಮಡಿಕೆಯಾಗಿ ಕೂತಿದ್ದಾನೆ.
ಅವನ ಹೊಟ್ಟೆಯ ಚಿತ್ರ ಶೇಕಡಾ ನಲವತ್ತರಲ್ಲಿ ನಿಂತಿದೆ.

ಹಸಿರು ಅಂದರೆ ಇಷ್ಟೇ ಅಕ್ಕ,
ಈ ಗೋಡೆಯಿಂದ ಆ ಕಂಬದವರೆಗೆ ಜೀವ ಇದೆ.
ಚಳ್ಳಕೆರೆ ರಸ್ತೆಯಲ್ಲಿ ಜೆಸಿಬಿ ತೋಡಿದ ಗುಂಡಿ
ಈ ದೀಪಕ್ಕೆ ಹೇಗೆ ಗೊತ್ತಾಗಬೇಕು?
ಕಂಬದಾಚೆ ಕೂಗಿ ನೋಡದೆ
ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಮತ್ತೆ ಆ ಎರಡನೆಯದು?
ಡಬ್ಬಿಯ ಬೆನ್ನಿಗೆ ಸಿಮ್ಮು ಇತ್ತು, ದೂಳು ಹಿಡಿದು.
ಕರೆಯುವವರಿಲ್ಲದೆ ರೀಚಾರ್ಜು ಮುಗಿದು
ಸಂಕ್ರಾಂತಿಗೇ ಸತ್ತಿತ್ತು.
ಒಂದು ಕೆಟ್ಟ ದಿನವೇ ತಾನೆ
ಎರಡೂ ಕೆಟ್ಟಿದ್ದು ಬೆಳಕಿಗೆ ಬರುವುದು.

ನನ್ನ ದುಡ್ಡಿನಲ್ಲೇ ರೀಚಾರ್ಜು ಮಾಡಿದೆ.
ಒಳಹೊಕ್ಕು ಬರೆದೆ: ಫೈಬರಿಗೆ ಒಂದು, ಸಿಮ್ಮಿಗೆ ಎರಡು.
ಐದು ಸೆಕೆಂಡಿಗೊಮ್ಮೆ ದೂರದ ಊರನ್ನು ಕೂಗು.
ಮೂರು ಸಲ ಓಗೊಡದಿದ್ದರೆ ಹೋಯಿತೆನ್ನು.
ಒಂದೇ ಸಲಕ್ಕೆ ಅನ್ನಬೇಡ,
ಕೆಮ್ಮಿದವರೆಲ್ಲ ಸಾಯುವುದಿಲ್ಲ.
ಹೋದದ್ದು ತಿರುಗಿ ಬಂದರೆ ಕೂಡಲೇ ನಂಬಲೂಬೇಡ,
ಐದು ನಿಮಿಷ ಹೊಸ್ತಿಲಲ್ಲಿ ನಿಲ್ಲಿಸಿ ನೋಡು.

ಕಿಟಕಿಯಾಚೆ ಕೋಟೆಯ ಬಂಡೆಗಳು ಬಿಸಿಲು ಕುಡಿಯುತ್ತಿದ್ದವು.
ಅಲ್ಲಿ ಮೇಲೆ ಒಂದು ಹೊಂಡ ತುಂಬಿದರೆ
ಅಕ್ಕತಂಗಿ ಹೊಂಡಕ್ಕೆ ನೀರು,
ಅದು ತುಂಬಿದರೆ ಇನ್ನೂ ಕೆಳಗೆ, ಈ ಸಂತೆಹೊಂಡದವರೆಗೆ.
ಕಟ್ಟಿದವರದು ತುಂಬಿ ಕೊಡುವ ಲೆಕ್ಕ.
ನನ್ನದು, ಬತ್ತಿದ ಮೇಲೆ ಕೊಡುವ ಲೆಕ್ಕ.

ಸೇವ್ ಒತ್ತಿದೆ.
ಹದಿನೈದು ಸೆಕೆಂಡು.
ಮಾರಕ್ಕನ ಕೋಲು ನಿಂತಿತು.
ಹೊಳಲ್ಕೆರೆಯವನು ತಲೆ ಎತ್ತಿ
ನನ್ನ ಬೆರಳನ್ನೇ ಡಾಕ್ಟರನ್ನು ನೋಡುವಂತೆ ನೋಡಿದ.
ನಲವತ್ತು.
ನಲವತ್ತು.
ನಲವತ್ತೊಂದು.

ಇನ್ನೊಂದು ಬಾಕಿ ಇತ್ತು. ದಿನಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೆ,
ಎರಡನೆಯದನ್ನೂ ಕರೆದು ನೋಡುವ ಹಾಗೆ ಬರೆದೆ.
‘ಅದ್ಯಾಕಪ್ಪ, ಕೆಲಸ ಇಲ್ದಿದ್ರೂನಾ?’
ಕೆಲಸ ಇಲ್ಲದಿದ್ದರೂ ಅಕ್ಕ. ಇದ್ದೀಯಾ ಅಂತ, ಅಷ್ಟೇ.

ಮೆಟ್ಟಿಲಿಳಿಯುವಾಗ ದಾದಾಪೀರ್ ಫೋನು:
‘ಆಯ್ತಾ? ನಾಳಿಂದ ನಾನೇ ನೋಡ್ಕೋತೀನಿ ಬಿಡು,
ನಿನಗೆ ಬಿರಿಯಾನಿ ಎತ್ತಿಡ್ಸಿದೀನಿ.’
ಐದು ನಿಮಿಷ ಹೊಸ್ತಿಲಲ್ಲಿ ನಿಲ್ಲುವವನಲ್ಲ ಅವನು.

ಆವತ್ತು ರಾತ್ರಿ ಒಂಬತ್ತು, ಒಂಬತ್ತೂಕಾಲು ಇರಬೇಕು,
ಸೆಂಟರಿನ ನಂಬರು.
ಅಂಗಿ ಹಾಕಿಕೊಳ್ಳುತ್ತಲೇ ಎತ್ತಿದೆ:
ಮತ್ತೆ ಹೋಯ್ತಾ ಅಕ್ಕ?

‘ಇಲ್ಲಪ್ಪ, ಚೆನ್ನಾಗೈತೆ.
ಊಟ ಆಯ್ತಾ?’

ಆ ಕಡೆ ಬಕೆಟ್ಟಿಗೆ ನೀರು ಬೀಳುತ್ತಿತ್ತು.