ಮೈಲಿ ಲೆಕ್ಕ

ನಾಳೆ ನಡುರಾತ್ರಿಗೆ ಗಡುವು.
ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ್ದೇನೆ.
ವರ್ಷವಿಡೀ ತುರುಕಿದ ರಸೀದಿಗಳು: ಕೆಲವಕ್ಕೆ ಚಹಾದ ಕಲೆ,
ಕೆಲವು ಶಾಯಿ ಹಾರಿಹೋಗಿ
ಡಾಕ್ಟರಿಗೆ ಚಾಚಿದ ನಾಲಿಗೆಯಷ್ಟು ಬಿಳಿ.

ಹೊರಗೆ ಡಂಡಿ ಊರು, ನಾಲ್ಕೂವರೆಗೇ ಕತ್ತಲು.
ಟೇ ನದಿಯ ಸೇತುವೆ ಮೇಲೆ ಒಂದು ರೈಲು
ತನ್ನ ಕಿಟಕಿಗಳನ್ನು ಒಂದೊಂದಾಗಿ ಎಣಿಸಿಕೊಂಡು ದಾಟುತ್ತಿದೆ.

ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ನನ್ನ ಕಸುಬು.
ಉಕ್ಕಿನ ತಂತಿ, ಕೆಂಪು ಫೆಲ್ಟಿನ ಪಟ್ಟಿ, ಹೊಸ ಚಾವಿ,
ಇವೆಲ್ಲ ಖರ್ಚಿಗೆ ಸಲ್ಲುತ್ತವೆ.
ಪರ್ತ್‌ನಲ್ಲಿ ನಿಲ್ಲಿಸಬಾರದ ಕಡೆ ಕಾರು ನಿಲ್ಲಿಸಿ ತೆತ್ತ ದಂಡ
ಸಲ್ಲುವುದಿಲ್ಲ. ಗೊತ್ತು.
ಆದರೂ ಒಮ್ಮೆ ಕೂಡಿಸಿ, ನೋಡಿ, ಕಳೆಯುತ್ತೇನೆ.

ತೊಡಕಿರುವುದು ಕಾರಿನ ನೋಟ್‌ಬುಕ್ಕಿನಲ್ಲಿ.
ಮೈಲಿಗೆ ನಲವತ್ತೈದು ಪೆನ್ನಿ ಕಳೆಯಬಹುದು,
ಪಯಣ ಕಸುಬಿಗಾಗಿ, ಕಸುಬಿಗಾಗಿ ಮಾತ್ರವೇ, ಆಗಿದ್ದರೆ.
ಆರ್‌ಬ್ರೋತ್, ಹೋಗಿಬರಲು ಮೂವತ್ತನಾಲ್ಕು.
ಮತ್ತೆ ಆರ್‌ಬ್ರೋತ್. ಮತ್ತೆ.
ಹನ್ನೊಂದು ಸಲ. ಬಿಲ್ಲು ನಾಲ್ಕು.

ಡೂಗಲ್ ಸ್ವಾಂಕಿ, ದೋಣಿಯ ಇಂಜಿನ್ನು ರಿಪೇರಿ ಮಾಡುವವನು,
ಫೋನಿನಲ್ಲಿ ಯಾವಾಗಲೂ ಒಂದೇ ದೂರು:
ನಡುವಿನ ಜಿ ಮತ್ತೆ ಇಳಿದಿದೆ.
ನಿಜಕ್ಕೂ ಇಳಿದಿರುತ್ತಿತ್ತು. ನಾನು ಏರಿಸಿ ಬರುತ್ತಿದ್ದೆ.
ಗಾಳಿಯ ತೇವ ಅಂದುಕೊಂಡೆ, ಕಡಲ ಪಕ್ಕದ ಮನೆ,
ಹಳೆಯ ಮರ, ಸಡಿಲ ಮೊಳೆ...

ಐದನೆಯ ಸಲ, ಆಗಸ್ಟಿನಲ್ಲಿ, ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ
ಅದೊಂದೇ ಮೊಳೆಯ ತಲೆಗೆ ಇಕ್ಕಳದ ಹಲ್ಲಿನ ಗುರುತು.
ಒಳಗೆ ಅಡುಗೆಮನೆಯಲ್ಲಿ ಅವನು
ಅಗತ್ಯಕ್ಕಿಂತ ಜೋರಾಗಿ ಬಟ್ಟಲು ತೊಳೆಯುತ್ತಿದ್ದ.
ನಾನು ಏನೂ ಅನ್ನಲಿಲ್ಲ. ಜಿ ಏರಿಸಿದೆ.
ದುಡ್ಡು ಬೇಡವೆಂದೆ. ಹೊಗೆಯಲ್ಲಿ ಬೇಯಿಸಿದ ಮೀನೆರಡು
ಕಾಗದದಲ್ಲಿ ಸುತ್ತಿಕೊಟ್ಟ;
ಡಂಡಿ ಮುಟ್ಟುವವರೆಗೂ ಕಾರು ಘಮಘಮ.

ಮೀನು ಆದಾಯವೇ? ಸಹಾಯವಾಣಿಗೆ ಕೇಳೋಣವೆಂದರೆ
ನಲವತ್ತು ನಿಮಿಷದಿಂದ ಅದೇ ಸಂಗೀತ,
ಅದೂ ಕಾಲು ಸ್ವರ ಕೆಳಗೆ.

ಫೋನು ಇಟ್ಟೆ.
ನಾಲ್ಕನೆಯ ಸಾಲಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದೆ.
ಮೇಲಿನದು ಕಸುಬು.
ಕೆಳಗಿನ ಏಳು, ನೂರ ಏಳು ಪೌಂಡು ಹತ್ತು ಪೆನ್ನಿ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಸರ್ಕಾರಕ್ಕೆ ಇಷ್ಟು ಸತ್ಯ ಹೇಳಿಯಾಯಿತು.
ಅವನಿಗೆ ಇನ್ನೂ ಹೇಳಿಲ್ಲ.
ಇದು ಹೋದ ಏಪ್ರಿಲ್ಲಿಗೆ ಮುಗಿದ ವರ್ಷದ ಪುಸ್ತಕ;
ಈ ವರ್ಷದ್ದು ಕಾರಿನಲ್ಲಿದೆ, ಪುಟ ಸಾಲದೆ
ಹಿಂಬದಿಯ ರಟ್ಟಿನ ಮೇಲೂ ಬರೆದಿದ್ದೇನೆ.